ಗದ್ದೆ, ಫಾರಂ, ಫ್ಯಾಕ್ಟರಿ: ಮಂಡ್ಯ ಸೀಮೆಯ ಮೂರು ಗುಂಡಿನ ಒಲೆ

ನಮ್ಮ ಸಂಘವು ಬೆಳ್ಳಿ ಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಹಿಂದಿನದನ್ನು ಒಂದಿಷ್ಟು ನೆನೆಯುವುದು ಉಚಿತ. ವಿಶ್ವವಿದ್ಯಾನಿಲಯಗಳೂ ಕೈಗಾರಿಕೆಗಳೂ ಕೈಜೋಡಿಸಬೇಕು ಎಂಬ ಮಾತನ್ನು ಸಭೆ ಸಮಾರಂಭಗಳಲ್ಲಿ ಮೇಲಿಂದ ಮೇಲೆ ಕೇಳುತ್ತೇವೆ. ಅದು ಬೆಂಗಳೂರಿನವರ ವಿಚಾರ, ನಮಗೇನು ಸಂಬಂಧ ಅಂತ ಕೆರಗೋಡಿನ ರೈತನಿಗೆ ಅನ್ನಿಸಬಹುದು. ಆದರೆ ಅಂಥ ಒಂದು ಹಳೆಯ ಪ್ರಯೋಗ ನಡೆದದ್ದು ನಮ್ಮ ಮಂಡ್ಯದ ಕಬ್ಬಿನ ಗದ್ದೆಗಳಲ್ಲೇ.

ಮೈಸೂರು ಸಂಸ್ಥಾನಕ್ಕೆ ಇದು ಹೊಸದಾಗಿರಲಿಲ್ಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ 1909ರಲ್ಲಿ ಸ್ಥಾಪನೆಯಾದಾಗ ಸಂಸ್ಥಾನವೇ ಅದಕ್ಕೆ ಜಮೀನು ಕೊಟ್ಟಿತ್ತು. 1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಗಿ ನಮ್ಮ ಗಂಧದ ಮರ ಜರ್ಮನಿಗೆ ಹೋಗುವುದು ನಿಂತಿತು. ಆಗ ಆ ಸಂಸ್ಥೆಯ ವಿಜ್ಞಾನಿಗಳು ಇಲ್ಲೇ ಗಂಧದೆಣ್ಣೆ ತೆಗೆಯುವ ಕ್ರಮವನ್ನು ಮಾಡಿ ತೋರಿಸಿದರು. ಗಂಧದೆಣ್ಣೆ ಕಾರ್ಖಾನೆಯೂ ಮೈಸೂರು ಸ್ಯಾಂಡಲ್ ಸೋಪೂ ಹುಟ್ಟಿದ್ದು ಹೀಗೆ.

ನಾಲೆ ಬಂತು, ಕಬ್ಬು ಬಂತು

ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಆರಂಭವಾಯಿತು. ಇಪ್ಪತ್ತು ವರ್ಷಗಳ ನಂತರ ಇರ್ವಿನ್ ನಾಲೆಯ ನೀರು ಮಂಡ್ಯ ಸೀಮೆಗೆ ಹರಿಯಿತು. ಮುಂದೆ ಅದೇ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರಾಯಿತು. ಆದರೆ ನೀರು ಬಂದ ಮಾತ್ರಕ್ಕೆ ಬಡತನ ಹೋಗುವುದೇ? ರಾಗಿ, ಹುರುಳಿ ಬೆಳೆದು ಬಲ್ಲ ರೈತನಿಗೆ ನೀರಾವರಿ ಬೇಸಾಯ ಹೊಸದು. ಕೈಗೆ ನಾಲ್ಕು ಕಾಸು ಬರುವ ಬೆಳೆ ಬೇಕಿತ್ತು. ಬೆಳೆದದ್ದನ್ನು ಕೊಳ್ಳುವವರೂ ಬೇಕಿತ್ತು.

ಇದನ್ನು ಮನಗಂಡವರು ಡಾ. ಲೆಸ್ಲಿ ಕೋಲ್‌ಮನ್. ಕೆನಡಾ ದೇಶದ ಈ ವಿಜ್ಞಾನಿ 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದು, ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಕಲಿಸಿದವರು ಇವರೇ. ಇವರ ಕಾಲದಲ್ಲೇ ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಯಿತು. 1946ರಲ್ಲಿ ಅಲ್ಲಿ ಕೃಷಿ ಕಾಲೇಜೂ ಆಯಿತು.

ಕೋಲ್‌ಮನ್ನರ ಕಾಲದಲ್ಲಿ ಮಂಡ್ಯದಲ್ಲಿ ನಡೆದ ಕೆಲಸದ ಕ್ರಮ ನೋಡಿ. 1931ರಲ್ಲಿ ನಾಲೆಯ ಪಕ್ಕದಲ್ಲೇ ಪ್ರಯೋಗದ ಫಾರಂ ಆಯಿತು. ಅದೇ ಇಂದಿನ ವಿ.ಸಿ. ಫಾರಂ. ಪರದೇಶದ ಸಕ್ಕರೆಯ ಮೇಲೆ ಸುಂಕ ಹಾಕಿ ದೇಶದ ಸಕ್ಕರೆ ಉದ್ಯಮವನ್ನು ಕಾಯುವ ಕಾನೂನು 1932ರಲ್ಲಿ ಬಂತು. 1933ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಸರ್ಕಾರದ ಜೊತೆ ರೈತರೂ ಅದರ ಷೇರುದಾರರಾದರು. ಮೊದಲು ಫಾರಂ, ಹಿಂದೆಯೇ ಫ್ಯಾಕ್ಟರಿ, ಎರಡಕ್ಕೂ ಆಧಾರವಾಗಿ ರೈತ. ಒಲೆಗೆ ಮೂರು ಗುಂಡು ಇದ್ದರೇನೇ ಅಲ್ಲವೇ ಮಡಕೆ ನಿಲ್ಲೋದು?

ತಳಿಯ ಕಥೆ

ಹಿಂದೆ ನಮ್ಮಲ್ಲಿ ರಸದಾಳಿ, ಪಟ್ಟಾಪಟ್ಟಿ ಕಬ್ಬು ಇದ್ದವು. ತಿನ್ನಲು ಸೊಗಸು, ಆದರೆ ಕಾರ್ಖಾನೆಗೆ ಸಾಲದು. 1912ರಲ್ಲಿ ಆರಂಭವಾದ ಕೊಯಮತ್ತೂರಿನ ಕಬ್ಬು ತಳಿ ಕೇಂದ್ರದಲ್ಲಿ ದಪ್ಪ ಕಬ್ಬಿಗೂ ಹುಲ್ಲಿನ ಜಾತಿಯ ಕಾಡು ಕಬ್ಬಿಗೂ ಸಂಕರ ಮಾಡಿ ಗಟ್ಟಿ ತಳಿಗಳನ್ನು ತೆಗೆದರು. ಜಾವಾ ತಳಿಯ ರಕ್ತವೂ ಇದ್ದ ಕೋ 419 ದಕ್ಷಿಣದಲ್ಲಿ ಬಹುಕಾಲ ಮೆರೆಯಿತು. ಆಮೇಲೆ ಬಂದದ್ದು ಕೋ 62175. ಆ 62 ಎಂದರೆ 1962ನೇ ಇಸವಿ ಎಂಬುದು ಅದನ್ನು ನೆಟ್ಟ ಎಷ್ಟೋ ಜನಕ್ಕೆ ತಿಳಿಯದು.

ಬೇರೆ ಕಡೆ ಹುಟ್ಟಿದ ತಳಿಯನ್ನು ನಮ್ಮ ಮಣ್ಣಿನಲ್ಲಿ ನೆಟ್ಟು, ಯಾವ ತಿಂಗಳು ನಾಟಿ, ಎಷ್ಟು ಗೊಬ್ಬರ, ಕೂಳೆ ಬೆಳೆ ಹೇಗೆ ಬರುತ್ತದೆ ಎಂದು ನೋಡಿ ಹೇಳುವ ಕೆಲಸ ವಿ.ಸಿ. ಫಾರಂನದು. 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಆದ ಮೇಲೆ ಫಾರಂ ಅದರ ತೆಕ್ಕೆಗೆ ಬಂತು. ಈಚೆಗೆ ಅಲ್ಲಿಂದಲೇ ವಿ.ಸಿ.ಎಫ್. 0517 ಎಂಬ ಕಬ್ಬಿನ ತಳಿಯೂ ಬಂದಿದೆ.

ಕಬ್ಬೊಂದೇ ಅಲ್ಲ. 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್' ಸೇರಿ ಆ ಹೆಸರು. ರಾಗಿ ತೆನೆಯಲ್ಲಿ ಹೂವು ಎಷ್ಟು ಸಣ್ಣದು ಎಂದು ಬಲ್ಲವರಿಗೆ ಈ ಕೆಲಸದ ತಾಳ್ಮೆ ಅರ್ಥವಾದೀತು. 1996ರಲ್ಲಿ ಇದೇ ಫಾರಂ ಕೆ.ಆರ್.ಎಚ್.-2 ಎಂಬ ಹೈಬ್ರಿಡ್ ಭತ್ತವನ್ನು ಕೊಟ್ಟಿತು.

ಒಂದು ಗುಂಡು ಅಲುಗಿದರೆ

ಇಷ್ಟೆಲ್ಲ ಆಯಿತು, ಸಂತೋಷ. ಆದರೆ ಅಭಿನಂದನೆಯ ಮಾತಿನಲ್ಲೇ ಮುಗಿಸಿದರೆ ಸಾಲದು.

ಹೈಬ್ರಿಡ್ ಭತ್ತವನ್ನೇ ತೆಗೆದುಕೊಳ್ಳಿ. ಗದ್ದೆಯಲ್ಲಿ ಬೆಳೆದದ್ದನ್ನೇ ಮುಂದಿನ ಸಲಕ್ಕೆ ಬಿತ್ತನೆಗೆ ಇಟ್ಟರೆ ಪೈರು ಒಂದೇ ಸಮ ಬರದು, ಇಳುವರಿಯೂ ಇಳಿಯುತ್ತದೆ. ಪ್ರತಿ ಬೆಳೆಗೂ ಹೊಸ ಬೀಜ ಕೊಳ್ಳಲೇಬೇಕು. ತಳಿ ಹುಟ್ಟುವುದು ಜನರ ತೆರಿಗೆ ಹಣದಲ್ಲಿ, ಬೀಜ ಬರುವುದು ಅಂಗಡಿಯ ದರದಲ್ಲಿ. ಇಲ್ಲಿ ರೈತನ ಪರವಾಗಿ ಕೇಳುವವರು ಯಾರು?

ಕಬ್ಬಿನ ವಿಷಯ ಇನ್ನೂ ಸೂಕ್ಷ್ಮ. ಕಡಿದ ಕಬ್ಬು ಒಣಗಿದಷ್ಟೂ ರಸದ ಸಕ್ಕರೆ ಕೆಡುತ್ತದೆ. ಹಾಗಾಗಿ ಕಟಾವಾದ ಒಂದು ದಿನದೊಳಗೆ ಅರೆದರೆ ಚೆನ್ನ. ವಿಜ್ಞಾನಿ ಸಕ್ಕರೆ ಅಂಶ ಹೆಚ್ಚಿರುವ ತಳಿ ನೆಡಿ ಅಂತಾನೆ. ಆದರೆ ಸರ್ಕಾರದ ಬೆಲೆ ನಿಗದಿಯಾಗುವುದು ಇಡೀ ಕಾರ್ಖಾನೆಯ ಸರಾಸರಿ ಸಕ್ಕರೆ ಇಳುವರಿಯ ಮೇಲೆ, ರೈತನಿಗೆ ಹಣ ಬರುವುದು ಟನ್ನಿನ ಲೆಕ್ಕದಲ್ಲಿ. ಒಬ್ಬನ ಕಬ್ಬು ಎಷ್ಟೇ ಸಿಹಿಯಾಗಿದ್ದರೂ ಅವನಿಗೆಂದು ಹೆಚ್ಚು ಕಾಸಿಲ್ಲ. ಹೀಗಿರುವಾಗ ರೈತ ತೂಕ ಬರುವ ಕಬ್ಬನ್ನೇ ನೆಟ್ಟರೆ ಅವನನ್ನು ದೂರುವುದು ಹೇಗೆ? ಮೂವರೂ ಒಂದೇ ಬೆಳೆ ನೋಡುತ್ತಾರೆ, ಲೆಕ್ಕ ಮಾತ್ರ ಬೇರೆ ಬೇರೆ.

ಫ್ಯಾಕ್ಟರಿಯೇ ನಿಂತರಂತೂ ಹೇಳುವುದೇ ಬೇಡ. ಮೈಷುಗರ್ ಕೆಲವು ವರ್ಷ ಅರೆಯದೆ ನಿಂತು, 2022ರಲ್ಲಿ ಮತ್ತೆ ಶುರುವಾದದ್ದು ಎಲ್ಲರಿಗೂ ಗೊತ್ತು. ಫಾರಂನಲ್ಲಿ ಒಳ್ಳೆ ತಳಿ ಇದ್ದು, ಗದ್ದೆಯಲ್ಲಿ ಬೆಳೆದು ನಿಂತು, ಸೂಲಂಗಿ ಬಂದರೂ ಕಡಿಯುವವರಿಲ್ಲ ಅಂದರೆ ಆ ವಿದ್ಯೆಯಿಂದ ರೈತನಿಗೆ ಏನು ಬಂತು? ಅಂಥ ಹೊತ್ತಿನಲ್ಲಿ ಕೈಹಿಡಿದದ್ದು ನಮ್ಮ ಹಳೆಯ ಆಲೆಮನೆಗಳು.

ಸಂಘದ ಪಾಲು

ಇಲ್ಲೇ ಸಹಕಾರ ಸಂಘಕ್ಕೆ ಕೆಲಸವಿದೆ. ಒಬ್ಬೊಬ್ಬ ರೈತ ಹೋಗಿ ವಿಜ್ಞಾನಿಯನ್ನೋ ಕಾರ್ಖಾನೆಯ ಅಧಿಕಾರಿಯನ್ನೋ ಪ್ರಶ್ನಿಸುವುದು ಕಷ್ಟ. ಸಂಘ ಕೇಳಿದರೆ ಮಾತಿಗೆ ತೂಕ. ನಾಟಿಗೆ ಮುಂಚೆ ಫಾರಂನವರನ್ನು ಊರಿಗೆ ಕರೆಸಬಹುದು. ಸದಸ್ಯರ ಮಣ್ಣಿನ ಪರೀಕ್ಷೆಯನ್ನು ಒಟ್ಟಿಗೆ ಮಾಡಿಸಬಹುದು. ಹೊಸ ತಳಿಯನ್ನು ಮೊದಲು ಒಂದೆರಡು ಗದ್ದೆಯಲ್ಲಿ ನೆಟ್ಟು, ನಾಲ್ಕು ಜನ ನೋಡಿ ತೀರ್ಮಾನಿಸಬಹುದು. ನಾಟಿಯ ತಾರೀಖು ಬರೆದಿಟ್ಟು, ಕಟಾವಿನ ಸರದಿಯನ್ನು ನ್ಯಾಯವಾಗಿ ಕೇಳಬಹುದು. ಬಿತ್ತನೆ ಬೀಜ ಮೊಳೆಯದಿದ್ದರೆ ಚೀಟಿ ಹಿಡಿದು ಲೆಕ್ಕ ಕೇಳಬಹುದು.

ಸಾಲ ಕೊಟ್ಟು ವಸೂಲು ಮಾಡುವಷ್ಟಕ್ಕೇ ಸಂಘ ನಿಲ್ಲಬಾರದು. ನಮ್ಮ ಹಿರಿಯರು ಕಬ್ಬನ್ನೂ ಕೊಟ್ಟರು, ಷೇರನ್ನೂ ಹಾಕಿದರು. ಅವರು ಫ್ಯಾಕ್ಟರಿಗೆ ಬರೀ ಗಿರಾಕಿಗಳಾಗಿರಲಿಲ್ಲ, ಪಾಲುದಾರರಾಗಿದ್ದರು. ವಿದ್ಯೆ, ಉದ್ಯಮ, ಬೇಸಾಯ ಈ ಮೂರರ ನಡುವೆ ಆ ಪಾಲುದಾರಿಕೆಯನ್ನು ಉಳಿಸಿಕೊಂಡು ಮುಂದಿನ ಇಪ್ಪತ್ತೈದು ವರ್ಷ ನಮ್ಮ ಸಂಘ ಬೆಳೆಯಲಿ.