ತುಕ್ಕು ತಿನ್ನೋ ಪ್ರಾಣಿ

ನನ್ನ ಮಗ ಗೆಳೆಯಾರ ಜೋಡಿ ದಾಳ ಉರುಳಿಸಿ ಆಡೋ ಕತಿ-ಆಟಕ್ಕ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅಂತ ಹೆಸರು. 1974ರಾಗ ಅಮೆರಿಕಾದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಕೂಡಿ ಹೊರಗ ತಂದದ್ದು. ಮೊದಲ ಸಲ ಮಾಡಿದ್ದು ಬರೇ 1000 ಪೆಟ್ಟಿಗಿ.

ಆ ಗೈಗ್ಯಾಕ್ಸ್ ಒಮ್ಮೆ ಅಂಗಡಿಯಿಂದ ಅಗ್ಗದ ಪ್ಲಾಸ್ಟಿಕ್ ಗೊಂಬಿ ತಂದಿದ್ರು. ಯಾವ ಪ್ರಾಣಿ ಅಂತನೂ ಗೊತ್ತಾಗಲಾರದಂಥಾವು. ಅದರಾಗಿಂದೊಂದು 'ರಸ್ಟ್ ಮಾನ್‌ಸ್ಟರ್' ಆಗಿ 1975ರ 'ಗ್ರೇಹಾಕ್' ಪುಸ್ತಕದಾಗ ಬಂತು. ಅದು ಮೀಸಿ ತಾಗಿಸಿದ್ರ ಸಾಕು, ಕಬ್ಬಿಣ ತುಕ್ಕಾಗತದ. ಆ ತುಕ್ಕೇ ಅದರ ಊಟ. ಆಟದ ಹಳೇ ನಿಯಮದಾಗ ಮಂತ್ರದ ಕತ್ತಿಗೂ ಅದರ ಅಂಜಿಕಿ ತಪ್ಪಿರಲಿಲ್ಲ.

"ಡ್ರ್ಯಾಗನ್ ಜೀವ ತಗೋತದ, ಇದು ತಿಂಗಳುಗಟ್ಟಲೆ ಆಡಿ ಗಳಿಸಿದ್ದನ್ನ ತಗೋತದ. ನಮಗ ಇದರ ಹೆದರಿಕೀನ ಹೆಚ್ಚು ಅವ್ವಾ" ಅಂದ ಮಗ.

ಆಟದ ಕತ್ತಿಗೆ ಇಷ್ಟ್ಯಾಕ ಸಂಕಟ ಅಂತ ನಾ ನಕ್ಕಿದ್ದೆ. ಹೋದ ಮಳಿಗಾಲದಾಗ ನಮ್ಮವ್ವನ ಕಬ್ಬಿಣದ ಹಂಚು ತುಕ್ಕು ಹಿಡದು ತೂತು ಬಿತ್ತು. ನಲವತ್ತು ವರ್ಷ ಆಕಿ ರೊಟ್ಟಿ ಬೇಸಿದ ಹಂಚು. ಪ್ಯಾಟ್ಯಾಗ ಹಂಚಿಗೇನು ಬರ? ಆದ್ರ ಅಂಥಾದ್ದು ಸಿಗೂದಿಲ್ಲ. ಅವತ್ತ ರಾತ್ರಿ ಮಗನ್ನ ಕರದು, ಆ ಕತ್ತಿ ಕತಿ ಇನ್ನೊಮ್ಮೆ ಹೇಳಪಾ ಅಂದೆ.