ಬಾಡಿಗೆಗೆ ಹೋದ ರಾಜಧಾನಿ

ಬೆಂಗಳೂರಿನ ಎಂ.ಜಿ. ರಸ್ತೆ, ಹಲಸೂರು, ರಿಚ್ಮಂಡ್ ಟೌನ್ ಕಡೆ 'ಲಾಫ್ಟ್ ಅಪಾರ್ಟ್‌ಮೆಂಟ್ ಬಾಡಿಗೆಗಿದೆ' ಅನ್ನೋ ಜಾಹೀರಾತನ್ನು ನೀವೂ ನೋಡಿರ್ತೀರಿ. ಎತ್ತರದ ಸೂರು, ಮನೆಯೊಳಗೇ ಒಂದು ಮೆಟ್ಟಿಲು, ಮೇಲೊಂದು ಅರ್ಧ ಮಹಡಿ. ನಮ್ಮ ಮಂಡ್ಯದ ಕಡೆ ಇದಕ್ಕೆ ಅಟ್ಟ ಅಂತಾರೆ. ಹುಣಸೆಹಣ್ಣಿನ ಮಡಕೆ, ಮದುವೆ ಮನೆಯ ದೊಡ್ಡ ಪಾತ್ರೆ, ಮುರಿದ ತೊಟ್ಟಿಲು ಇಡೋ ಜಾಗ. ಅದೇ ಅಟ್ಟಕ್ಕೆ ಈಗ ಸೋಫಾ ಹತ್ತಿಸಿ, 'ಪಾರಂಪರಿಕ ಬಡಾವಣೆಯಲ್ಲಿ ಐಷಾರಾಮಿ ಬದುಕು' ಅಂತ ಬೋರ್ಡು ಹಾಕಿ, ಲಕ್ಷದ ಲೆಕ್ಕದಲ್ಲಿ ಮಾತಾಡ್ತಾರೆ.

ಹಳೇ ಊರಿನ ನಡುವೆ ದುಬಾರಿ ಬಾಡಿಗೆಗೆ ಇರೋದು ನ್ಯೂಯಾರ್ಕಿನಿಂದ ಬಂದ ಫ್ಯಾಷನ್ ಅಂತ ಹೇಳೋದು ವಾಡಿಕೆ. ಅಲ್ಲಿನ ಸೋಹೋ ಬಡಾವಣೆಯಲ್ಲಿ ಮುಚ್ಚಿಹೋದ ಕಾರ್ಖಾನೆ, ಗೋದಾಮುಗಳಲ್ಲಿ ಮೊದಲು ಬಡ ಕಲಾವಿದರು ಸೇರಿಕೊಂಡರು, ಆಮೇಲೆ ಹಣವಂತರು ಬಂದರು, ಬಾಡಿಗೆ ಏರಿತು. ಇರಲಿ. ನಾನು ಹೇಳಹೊರಟಿದ್ದು ಅದಕ್ಕಿಂತ ಹಳೇ, ಅದಕ್ಕಿಂತ ದೊಡ್ಡ ಬಾಡಿಗೆ ಕರಾರಿನ ಕಥೆ. ಅಲ್ಲಿ ಬಾಡಿಗೆಗೆ ಹೋಗಿದ್ದು ಒಂದು ಮನೆಯಲ್ಲ, ಇಡೀ ಶ್ರೀರಂಗಪಟ್ಟಣ. ಆ ಕರಾರು ಮುಗಿದ ದಿನ ಅದರ ಬದಲಿಗೆ ಕೈಬಿಟ್ಟ ನೆಲದ ಮೇಲೇ ಇವತ್ತು ಆ ಲಾಫ್ಟುಗಳು ನಿಂತಿರೋದು.

1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲರಾಯನ ಕೈಯಿಂದ ಶ್ರೀರಂಗಪಟ್ಟಣವನ್ನು ತಗೊಂಡರು. ಅಲ್ಲಿಂದ 1799ರ ಮೇ 4ರವರೆಗೆ, ಒಡೆಯರ ಕಾಲ, ಹೈದರನ ಕಾಲ, ಟಿಪ್ಪುವಿನ ಕಾಲ, ಮೂರರಲ್ಲೂ ಅದೇ ರಾಜಧಾನಿ. ಮೂರು ಮೈಲಿ ಉದ್ದ, ಒಂದು ಮೈಲಿ ಅಗಲದ ದ್ವೀಪ. ಪಶ್ಚಿಮದ ತುದಿಯಲ್ಲಿ ಕೋಟೆ, ಪೂರ್ವಕ್ಕೆ ಗಂಜಾಂ. ಗಂಜಾಂ ತುಂಬಿದ್ದು ಹೇಗೆ ಗೊತ್ತಾ? ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಟಿಪ್ಪು ಎಬ್ಬಿಸಿ ತಂದು ಕೂರಿಸಿದ ಅಂತ ಗೆಜೆಟಿಯರು ಬರೆಯುತ್ತೆ. ಅವರನ್ನ ಯಾರೂ 'ಮನೆ ಹಿಡಿಸ್ತಾ?' ಅಂತ ಕೇಳಲಿಲ್ಲ.

ಕೋಟೆ ಬಿದ್ದ ಮೇಲೆ ಹಂಚಿಕೆ ನಡೆಯಿತು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟ ಕಟ್ಟಿದರು. ನಿಜಾಮನಿಗೊಂದು ಪಾಲು, ಕಂಪನಿಗೊಂದು ಪಾಲು. ಆದರೆ ಶ್ರೀರಂಗಪಟ್ಟಣದ ಕೋಟೆ ಮತ್ತು ದ್ವೀಪವನ್ನು ಮಾತ್ರ ಈಸ್ಟ್ ಇಂಡಿಯಾ ಕಂಪನಿ ತನ್ನ ಹೆಸರಿಗೇ ಇಟ್ಟುಕೊಂಡಿತು. ರಾಜ್ಯ ರಾಜನಿಗೆ, ರಾಜಧಾನಿ ಕಂಪನಿಗೆ! ಯಾಕೆ ಅಂದರೆ, ಆ ಕೋಟೆ ಯಾರ ಕೈಲಿದೆಯೋ ಮೈಸೂರು ಅವರ ಕೈಲಿ ಅಂತ ಇಂಗ್ಲಿಷರಿಗೆ ನಾಲ್ಕು ಯುದ್ಧ ಕಲಿಸಿತ್ತು.

ಆಮೇಲೆ ಅಲ್ಲಿ ವಾಸಕ್ಕೆ ಬಂದವರನ್ನು ನೋಡಿ. ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದ ಅದೇ ಡ್ಯೂಕ್ ಆಫ್ ವೆಲಿಂಗ್ಟನ್, ಕಾವೇರಿ ದಂಡೆಯ ದರಿಯಾ ದೌಲತ್ತನ್ನೇ ಮನೆ ಮಾಡಿಕೊಂಡ. 1784ರಲ್ಲಿ ಟಿಪ್ಪು ಕಟ್ಟಿಸಿದ ತೇಗದ ಮರದ ಬೇಸಿಗೆ ಅರಮನೆ. ಅದರ ಪಶ್ಚಿಮದ ಗೋಡೆ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆ, ಕರ್ನಲ್ ಬೇಲಿಯ ಇಂಗ್ಲಿಷ್ ಪಡೆ ಹೈದರ್-ಟಿಪ್ಪು ಮುಂದೆ ಮಣ್ಣುಮುಕ್ಕಿದ ಚಿತ್ರ. ಮುತ್ತಿಗೆಗೆ ಮುಂಚೆ ಹಾಳಾಗಿದ್ದ ಆ ಚಿತ್ರವನ್ನು ಮತ್ತೆ ಬರೆಸಿದವನು ಇದೇ ವೆಲ್ಲೆಸ್ಲಿ! ತನ್ನವರ ಸೋಲಿನ ಚಿತ್ರ ಗೋಡೆ ಮೇಲಿರುವ ಮನೆಯಲ್ಲೇ ಇದ್ದ. ಮುಂದೆ ಯಾರೋ ಅದಕ್ಕೆ ಸುಣ್ಣ ಹೊಡೆದರು, ಲಾರ್ಡ್ ಡಾಲ್‌ಹೌಸಿ ಬಂದಾಗ ಹಳೆಯದು ನೆನಪಿದ್ದ ಒಬ್ಬ ಚಿತ್ರಗಾರನಿಂದ ಮತ್ತೆ ಬರೆಸಿದ. ಗೆದ್ದವನಿಗೆ ಸೋಲಿನ ಚಿತ್ರವೂ ಅಲಂಕಾರವೇ ಬಿಡಿ.

ಊರಿನ ಜನರಿಗೇನಾಯಿತು? 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಬಂದು ಮನೆ, ಕುಟುಂಬಗಳ ಲೆಕ್ಕ ಹಾಕಿದ. ಟಿಪ್ಪು ಕಾಲದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬಹುದು ಅಂತ ಅವನ ಅಂದಾಜು. ಆಗ ಉಳಿದಿದ್ದು 31,895. ಒಂದೇ ವರ್ಷದಲ್ಲಿ! ದರ್ಬಾರು ಹೋಯ್ತು, ಸೈನ್ಯ ಹೋಯ್ತು, ಅವರನ್ನು ನಂಬಿಕೊಂಡಿದ್ದ ನೇಕಾರ, ಕಮ್ಮಾರ, ಅಂಗಡಿಯವನು ಎಲ್ಲಿ ನಿಲ್ತಾನೆ?

ಗೆದ್ದವರಿಗೂ ಅಲ್ಲಿ ಸುಖ ಇರಲಿಲ್ಲ. ಜ್ವರ ಬಿಡಲಿಲ್ಲ. ಗನ್ ಕ್ಯಾರೇಜ್ ಕಾರ್ಖಾನೆ ನೋಡಿಕೊಳ್ತಿದ್ದ ಕರ್ನಲ್ ಸ್ಕಾಟ್ ಕಾಲರಾಕ್ಕೆ ಹೆಂಡತಿ ಮಕ್ಕಳನ್ನು ಕಳಕೊಂಡು ಮನೆ ಬಿಟ್ಟು ನಡೆದವನು ಮತ್ತೆ ಕಾಣಲಿಲ್ಲ ಅಂತ ನದಿ ಪಕ್ಕದ ಸ್ಕಾಟ್ ಬಂಗಲೆ ಬಗ್ಗೆ ಜನ ಇವತ್ತಿಗೂ ಕಥೆ ಹೇಳ್ತಾರೆ. ಕೊನೆಗೆ 1811ರ ಹೊತ್ತಿಗೆ ಕಂಪನಿಯ ಸೇನಾ ಕೇಂದ್ರ ಬೆಂಗಳೂರಿಗೆ ಹೋಯಿತು. ಹಲಸೂರಿನ ಮಗ್ಗುಲಲ್ಲಿ ದಂಡು ಬೆಳೆಯಿತು.

ಖಾಲಿಯಾದ ಶ್ರೀರಂಗಪಟ್ಟಣವನ್ನು ಕಂಪನಿ ಮಾಲೀಕನ ಹಾಗೇ ನಡೆಸಿಕೊಂಡಿತು. ಟಿಪ್ಪುವಿನ ಲಾಲ್ ಮಹಲಿನ ಬಹುಭಾಗ ಕೆಡವಿದರು, ಉಳಿದದ್ದರಲ್ಲಿ ಗಂಧದ ಮರ ಪೇರಿಸಿದರು. ಅಲ್ಲಿನ ತೊಲೆಗಳು ಬೆಟ್ಟ ಹತ್ತಿ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹೋದವು. ಊಟಿಗೆ ಹೋದಾಗ ತಲೆ ಎತ್ತಿ ನೋಡಿ, ಆ ಚಾವಣಿಯಲ್ಲಿ ನಮ್ಮ ಪಟ್ಟಣದ ಮರ ಇದೆ.

ಈಗ ಬಾಡಿಗೆ ವಿಷಯಕ್ಕೆ ಬರೋಣ. ದ್ವೀಪವನ್ನು ಮೈಸೂರು ಸಂಸ್ಥಾನಕ್ಕೆ ಗುತ್ತಿಗೆಗೆ ಕೊಟ್ಟರು. ವರ್ಷಕ್ಕೆ 50,000 ರೂಪಾಯಿ. ತಿಂಗಳಿಗೆ ನಾಲ್ಕು ಸಾವಿರ ಚಿಲ್ಲರೆ! ಇವತ್ತು ಬೆಂಗಳೂರಿನಲ್ಲಿ ಆ ದುಡ್ಡಿಗೆ ಸ್ಕೂಟರ್ ನಿಲ್ಲಿಸೋ ಜಾಗ ಸಿಕ್ಕರೆ ಪುಣ್ಯ. ಆದರೆ ಇಲ್ಲಿ ಮೊತ್ತ ಮುಖ್ಯ ಅಲ್ಲ. 189 ವರ್ಷ ರಾಜಧಾನಿಯಾಗಿದ್ದ ಊರಿಗೆ ಅದೇ ರಾಜ್ಯ ಬಾಡಿಗೆದಾರ! ಸಹಾಯಕ ಸೈನ್ಯದ ಖರ್ಚಿಗೆ ಅಂತ ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡ, ಅಂದರೆ ಇಪ್ಪತ್ನಾಲ್ಕೂವರೆ ಲಕ್ಷ ರೂಪಾಯಿ ಕೊಡುತ್ತಿದ್ದದ್ದು ಬೇರೆ. ಅದು ಕಾವಲಿನ ಹಣ, ಇದು ಮನೆ ಬಾಡಿಗೆ.

ಇನ್ನೂ ತಮಾಷೆ ಕೇಳಿ. ನಗರದ ರೈತ ದಂಗೆಯ ನೆಪದಲ್ಲಿ 1831ರಲ್ಲಿ ಮುಮ್ಮಡಿಯವರಿಂದ ಆಡಳಿತವನ್ನೇ ಕಸಿದುಕೊಂಡರು. ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳೇ ಮೈಸೂರು ಆಳಿದರು. ಅಂದರೆ ಬಾಡಿಗೆ ಕೊಡೋ ಕೈಯೂ ಅವರದೇ, ಇಸ್ಕೊಳ್ಳೋ ಕೈಯೂ ಅವರದೇ. ದುಡ್ಡು ಮಾತ್ರ ಮೈಸೂರಿನ ರೈತನ ಕಂದಾಯದ್ದು.

1881ರಲ್ಲಿ ರಾಜ್ಯವನ್ನು ಚಾಮರಾಜ ಒಡೆಯರಿಗೆ ವಾಪಸ್ ಕೊಟ್ಟರಲ್ಲ, ಆಗ ಶ್ರೀರಂಗಪಟ್ಟಣವೂ ಮರಳಿ ಬಂತು. ಪುಕ್ಕಟೆ ಅಲ್ಲ. ಬದಲಿಗೆ ಬೆಂಗಳೂರಿನ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಅಂದರೆ ಇಡೀ ದಂಡು ಪ್ರದೇಶ, ಬ್ರಿಟಿಷರ ಸುಪರ್ದಿಗೆ ಹೋಯಿತು. ಅದು ಮೈಸೂರಿಗೆ ಮರಳಿ ಸಿಕ್ಕಿದ್ದು 1947ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಮೂರು ವಾರ ಮುಂಚೆ. ವ್ಯಾಪಾರದ ಕಣ್ಣಿಂದ ನೋಡಿದರೆ ಬ್ರಿಟಿಷರಿಗೆ ಇದಕ್ಕಿಂತ ಒಳ್ಳೇ ಅದಲುಬದಲು ಇರಲಿಲ್ಲ. ಜ್ವರದ ಕೋಟೆ ಕೊಟ್ಟು ಎಂ.ಜಿ. ರಸ್ತೆ ಇಟ್ಟುಕೊಂಡರು.

ಇವತ್ತಿನ ಪಟ್ಟಣಕ್ಕೆ ಬನ್ನಿ. ಶ್ರೀರಂಗಪಟ್ಟಣ ಈಗ ಒಂದು ತಾಲ್ಲೂಕು ಕೇಂದ್ರ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಜೊತೆ ಸೇರಿ ಒಂದು ಉಪವಿಭಾಗ, ಎ.ಸಿ. ಕಚೇರಿ ಇರೋದು ಪಾಂಡವಪುರದಲ್ಲಿ. ಆ ಊರಿಗೆ ಹಿಂದೆ ಫ್ರೆಂಚ್ ರಾಕ್ಸ್ ಅಂತ ಹೆಸರು, ಹೈದರ್-ಟಿಪ್ಪುವಿನ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಜಾಗ. ಒಂದು ಕಾಲದ ರಾಜಧಾನಿಯವರು ಜಮೀನಿನ ತಕರಾರಿಗೆ ಒಂದು ಕಾಲದ ಕೂಲಿ ಸೈನಿಕರ ಶಿಬಿರಕ್ಕೆ ಅರ್ಜಿ ಹಿಡಕೊಂಡು ಹೋಗಬೇಕು.

ಹೊಸ ಹೆದ್ದಾರಿ 2023ರಲ್ಲಿ ಉದ್ಘಾಟನೆಯಾದ ಮೇಲೆ ಬೆಂಗಳೂರಿಗೆ ಪಟ್ಟಣ ಹತ್ತಿರವಾಗಿದೆ. ಕಾವೇರಿ ಕಾಣುವ ಕೋಣೆಗೆ ರಾತ್ರಿಯ ಲೆಕ್ಕದಲ್ಲಿ ಬಾಡಿಗೆ. ತಪ್ಪೇನಿಲ್ಲ, ಊರಿಗೆ ನಾಲ್ಕು ಕಾಸು ಬರಲಿ. ಆದರೆ ಕೋಟೆ ಒಳಗೆ ತಲೆತಲಾಂತರದಿಂದ ಇರೋರ ಪಾಡೇ ಬೇರೆ. 2010ರಲ್ಲಿ ತಿದ್ದುಪಡಿಯಾದ ಸ್ಮಾರಕ ಕಾಯ್ದೆ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ, ರಿಪೇರಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರಲ್ಲಿ ಎಲ್ಲಕ್ಕೂ ಅನುಮತಿ. ಕೋಟೆಯೊಳಗೆ ದೇವಸ್ಥಾನ, ಮಸೀದಿ, ಸೆರೆಮನೆ, ಟಿಪ್ಪು ಬಿದ್ದ ಜಾಗ, ಹೆಜ್ಜೆಗೊಂದು ಸ್ಮಾರಕ. ಒಂದರ ಸುತ್ತಳತೆ ಮುಗಿಯುವ ಮೊದಲೇ ಇನ್ನೊಂದರದು ಶುರು. ಮಳೆಗೆ ಗೋಡೆ ಬಿರುಕುಬಿಟ್ಟ ಹೆಂಚಿನ ಮನೆಯಾಕೆ ಏನು ಮಾಡಬೇಕು?

ಕಾನೂನು ಬೇಡ ಅಂತ ನಾನು ಖಂಡಿತ ಹೇಳಲ್ಲ. ಅದಿಲ್ಲದಿದ್ದರೆ ಕೋಟೆ ಗೋಡೆಯ ಕಲ್ಲು ಎಷ್ಟೋ ಮನೆಗಳ ಪಾಯಕ್ಕೆ ಹೋಗಿರುತ್ತಿತ್ತು. ಆದರೆ ಸರ್ಕಾರ ಮನಸ್ಸು ಮಾಡಿದರೆ ಏನಾಗುತ್ತೆ ಅಂತ 2017ರಲ್ಲಿ ಕಂಡಿದ್ದೇವೆ. ಬೆಂಗಳೂರು-ಮೈಸೂರು ಜೋಡಿ ರೈಲು ಹಳಿಗೆ ಅಡ್ಡ ಬಂದ ಟಿಪ್ಪುವಿನ ಮದ್ದಿನ ಮನೆಯನ್ನು, ಸುಮಾರು ಸಾವಿರ ಟನ್ ತೂಕದ್ದನ್ನು, ಒಂದು ಇಟ್ಟಿಗೆ ಉದುರದ ಹಾಗೆ ಜಾಕ್ ಕೊಟ್ಟು ಎತ್ತಿ ನೂರು ಮೀಟರ್‌ಗೂ ದೂರ ಸರಿಸಿದರು. ಆ ತಂತ್ರಜ್ಞಾನಕ್ಕೆ ನನ್ನ ಸಲಾಂ. ಆ ಕೆಲಸಕ್ಕೆ ಎಂಜಿನಿಯರು, ಹಣ, ಸಹಿ ಎಲ್ಲವೂ ಒಟ್ಟಿಗೆ ಕೂಡಿಬಂದವಲ್ಲ, ಹೆಂಚು ಬದಲಾಯಿಸೋ ಅರ್ಜಿಗೂ ಅಂಥದ್ದೊಂದು ದಿನ ಗೊತ್ತುಮಾಡಿ. ಪುರಾತತ್ವದವರು ತಿಂಗಳಿಗೊಮ್ಮೆ ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿಯಲ್ಲೇ ಕೂತು, ಅರ್ಜಿ ನೋಡಿ, ಮನೆ ಮುಂದೆ ನಿಂತು ಅಳತೆ ಮಾಡಿ, ಯಾವ ಹೆಂಚು, ಯಾವ ಗಾರೆ ಅಂತ ಬರೆದುಕೊಟ್ಟು ಹೋಗಲಿ.