‘ಪ್ರಿಸ್ಯೂಮ್’ ಪದದ ಅರ್ಥ ಹಾಗೂ ಸಮಾನಾರ್ಥಕ ಪದಗಳು

ಆದೇಶ, ನೋಟೀಸು ಹಾಗೂ ತೀರ್ಪುಗಳಲ್ಲಿ ಕಂಡುಬರುವ ‘ಪ್ರಿಸ್ಯೂಮ್’ ಎಂಬ ಆಂಗ್ಲ ಪದಕ್ಕೆ ಊಹಿಸು, ಭಾವಿಸು ಎಂಬ ಅರ್ಥಗಳನ್ನು ಹೇಳಲಾಗುತ್ತದೆ. ಬಳಕೆಯಲ್ಲಿ ಇವೆರಡೂ ಒಂದೇ ಅಲ್ಲ. ಆಧಾರವಿಲ್ಲದೆಯೂ ಮಾಡಬಹುದಾದುದು ಊಹೆ. ‘ಗೆಸ್’ ಪದವು ಇದಕ್ಕೆ ಸಮೀಪವಾದುದು. ಅಳತೆ ಮತ್ತು ದರಗಳನ್ನು ಲೆಕ್ಕ ಹಾಕಿ ಹೇಳುವುದು ಅಂದಾಜು. ಕಾಮಗಾರಿಗಳ ‘ಎಸ್ಟಿಮೇಟ್’ ಈ ಬಗೆಯದು. ತರ್ಕಶಾಸ್ತ್ರದಲ್ಲಿ ‘ಅನುಮಾನ’ವೆಂದರೆ ಹೊಗೆಯನ್ನು ಕಂಡು ಬೆಂಕಿಯಿದೆಯೆಂದು ತಿಳಿಯುವ ಕ್ರಮ. ಆದರೆ ಇಂದು ಈ ಪದವು ಸಂದೇಹವೆಂಬ ಅರ್ಥದಲ್ಲೇ ರೂಢಿಯಲ್ಲಿರುವುದರಿಂದ ಅರ್ಜಿಗಳಲ್ಲಿ ಇದನ್ನು ಬಳಸದಿರುವುದು ಲೇಸು.

ಕಾನೂನಿನಲ್ಲಿ ‘ಪ್ರಿಸ್ಯೂಮ್’ ಎಂದರೆ, ವಿರುದ್ಧವಾದುದು ರುಜುವಾತಾಗುವವರೆಗೆ ಒಂದು ಸಂಗತಿಯನ್ನು ನಿಜವೆಂದು ಭಾವಿಸುವುದು. ಇದಕ್ಕೆ ‘ಪೂರ್ವಭಾವನೆ’ ಎಂಬ ಪದವಿದೆ. ‘ಭಾವಿಸಬಹುದು’ ಎಂದಿದ್ದಲ್ಲಿ ಅದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ‘ಭಾವಿಸತಕ್ಕದ್ದು’ ಎಂದಿದ್ದಲ್ಲಿ ಆ ಅವಕಾಶವಿರುವುದಿಲ್ಲ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 133ನೇ ಪ್ರಕರಣದಂತೆ ಹಕ್ಕು ದಾಖಲೆಯಲ್ಲಿನ ನಮೂದನ್ನು ಈ ರೀತಿ ನಿಜವೆಂದು ಭಾವಿಸಲಾಗುತ್ತದೆ. ಆದ್ದರಿಂದ ನಮೂದು ತಪ್ಪೆಂದು ಹೇಳುವವರೇ ಅದನ್ನು ರುಜುವಾತುಪಡಿಸಬೇಕಾಗುತ್ತದೆ.

ಈ ಪದವು ಹೆಚ್ಚು ತೊಡಕುಂಟುಮಾಡುವುದು ಕಾಣೆಯಾದವರ ವಿಷಯದಲ್ಲಿ. ಭಾರತೀಯ ಸಾಕ್ಷ್ಯ ಅಧಿನಿಯಮ, 1872ರ 108ನೇ ಪ್ರಕರಣದಲ್ಲಿದ್ದ ನಿಯಮವು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 111ನೇ ಪ್ರಕರಣದಲ್ಲಿ ಮುಂದುವರಿದಿದೆ. ಬದುಕಿದ್ದರೆ ಸಹಜವಾಗಿ ಯಾರಿಗೆ ಸುದ್ದಿ ತಿಳಿಯುತ್ತಿತ್ತೋ ಅಂತಹವರಿಗೆ 7 ವರ್ಷಗಳವರೆಗೆ ಒಬ್ಬ ವ್ಯಕ್ತಿಯ ಸುದ್ದಿ ತಿಳಿಯದಿದ್ದಲ್ಲಿ, ಆತನು ಬದುಕಿದ್ದಾನೆಂದು ಹೇಳುವವರ ಮೇಲೆ ರುಜುವಾತಿನ ಹೊಣೆ ಬೀಳುತ್ತದೆ. ಇಲ್ಲಿ ಭಾವಿಸಲಾಗುವುದು ಮರಣವನ್ನು ಮಾತ್ರ, ಮರಣದ ದಿನಾಂಕವನ್ನಲ್ಲ. 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜೀವವಿಮೆಯ ಪ್ರಕರಣವೊಂದರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ವ್ಯಕ್ತಿಯು ಕಾಣೆಯಾದ ದಿನವೇ ಮೃತನಾದನೆಂದು ಕಾನೂನು ತಾನಾಗಿ ಭಾವಿಸುವುದಿಲ್ಲವಾದ ಕಾರಣ, ಕಂತು ಕಟ್ಟದೆ ರದ್ದಾದ ಪಾಲಿಸಿಯ ಹಣ ಆ ಕುಟುಂಬಕ್ಕೆ ದೊರೆಯಲಿಲ್ಲ. ಮನೆಯ ದುಡಿಯುವವನೇ ಕಾಣೆಯಾದಾಗ ಕಂತು ಕಟ್ಟುವುದು ಕಷ್ಟವೆಂಬುದು ನಿಜ. ಆದರೂ ಪಾಲಿಸಿಯನ್ನು ಚಾಲ್ತಿಯಲ್ಲಿಡುವುದು ಅವಶ್ಯಕ.

ಅರ್ಜಿಯ ಮರಣ ದಿನಾಂಕದ ಕಲಂನಲ್ಲಿ ಊಹೆಯ ಮೇಲೆ ದಿನಾಂಕವನ್ನು ಬರೆಯಬಾರದು. ಕಾಣೆಯಾದ ದಿನಾಂಕ, ಪೊಲೀಸ್ ಠಾಣೆಗೆ ದೂರು ನೀಡಿದ ದಿನಾಂಕ ಹಾಗೂ ನ್ಯಾಯಾಲಯದ ಘೋಷಣೆ ಇದ್ದಲ್ಲಿ ಅದರ ದಿನಾಂಕವನ್ನು ಪ್ರತ್ಯೇಕವಾಗಿ ನಮೂದಿಸಿ, ದೂರಿನ ಸ್ವೀಕೃತಿಯ ಪ್ರತಿಯನ್ನು ಲಗತ್ತಿಸತಕ್ಕದ್ದು.